ಗಿಟಾರ್ ಕಲಿಯುವವರಿಗೆ ವೇಗಕ್ಕಿಂತ ಮೊದಲು ತಂತಿ ದಾಟುವುದನ್ನು ಹೇಳಿಕೊಡಿ

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ಬೇಸಿಗೆ ರಜೆಗೆಂದು ಬಂದ ಗಿಟಾರ್ ಅಭ್ಯಾಸದ ಲೇಖನ ಓದಿದೆವು. ರಜೆಯಲ್ಲಿ ಮಕ್ಕಳ ಕೈಗೆ ಒಂದು ವಾದ್ಯ ಕೊಡಿ ಎಂಬ ಮಾತಿಗೆ ನಮ್ಮ ತಕರಾರೇನೂ ಇಲ್ಲ. ತಕರಾರಿರುವುದು ಅದರಲ್ಲಿ ಆಲ್ಟರ್ನೇಟ್ ಪಿಕ್ಕಿಂಗ್ (ತಂತಿ ಮೀಟುವ ಚಪ್ಪಟೆ ತುಣುಕಾದ ಪಿಕ್ಕನ್ನು ಕೆಳಕ್ಕೂ ಮೇಲಕ್ಕೂ ಸರದಿಯಂತೆ ಆಡಿಸುವ ಕ್ರಮ) ಬಗ್ಗೆ ಕೊಟ್ಟ ಸಲಹೆಗೆ. ನಾಲ್ಕು ಬೆರಳಿನ 1-2-3-4 ಪಾಠವನ್ನು ಆರೂ ತಂತಿಗಳ ಮೇಲೆ ನುಡಿಸಬೇಕು, ತಾಳಕ್ಕೆ ಟಿಕ್ ಟಿಕ್ ಎನ್ನುವ ಮೆಟ್ರೊನೋಮನ್ನು 60ಕ್ಕೆ (ನಿಮಿಷಕ್ಕೆ 60 ಟಿಕ್) ಇಟ್ಟು ದಿನಕ್ಕೆ 5ರಂತೆ ಏರಿಸಬೇಕು, ತಿಂಗಳಲ್ಲಿ ವೇಗ ತಾನಾಗಿ ಬರುತ್ತದೆ ಎಂದು ಬರೆದಿದ್ದಾರೆ. ಇಂಟರ್‌ನೆಟ್ಟಿನಲ್ಲಿ ಎಲ್ಲರೂ ಹೇಳುವುದೂ ಇದನ್ನೇ. ಗಿಟಾರ್ ಕಲಿಸುವ ನಾವು ಕೆಲವರು ಇದನ್ನು ಒಪ್ಪುವುದಿಲ್ಲ. ಯಾಕೆಂದು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಮೊದಲು ಲೆಕ್ಕ ನೋಡಿ. 60ರಲ್ಲಿ ಒಂದು ಟಿಕ್‌ಗೆ ನಾಲ್ಕು ಸ್ವರವೆಂದರೆ ಸೆಕೆಂಡಿಗೆ ನಾಲ್ಕು. ದಿನಕ್ಕೆ 5 ಏರಿಸಿದರೆ ಮೂವತ್ತು ದಿನಕ್ಕೆ 210 ಮುಟ್ಟುತ್ತದೆ, ಅಂದರೆ ಸೆಕೆಂಡಿಗೆ ಹದಿನಾಲ್ಕು ಸ್ವರ. ಹತ್ತಾರು ವರ್ಷ ಸಾಧನೆ ಮಾಡಿದವರಲ್ಲೂ ಅಷ್ಟು ವೇಗದಲ್ಲಿ ಸ್ಪಷ್ಟವಾಗಿ ನುಡಿಸುವವರು ವಿರಳ. 120ರಲ್ಲಿ ಸೆಕೆಂಡಿಗೆ ಎಂಟು ಸ್ವರ ಶುದ್ಧವಾಗಿ ಬಂದರೆ ಹಾಡುಗಳಲ್ಲಿ ಬರುವ ಹೆಚ್ಚಿನ ಸೋಲೋಗಳಿಗೆ ಅದು ಧಾರಾಳವಾಗಿ ಸಾಕು. ಇನ್ನೊಂದು ವಿಷಯ: ಬಹುಪಾಲು ಮಕ್ಕಳಿಗೆ ಎಡಗೈಯನ್ನು ಬಿಟ್ಟು ಒಂದೇ ತಂತಿಯನ್ನು ಮೇಲೆ ಕೆಳಗೆ ಬೇಗ ಬೇಗ ಮೀಟು ಎಂದರೆ ಆಗಲೇ ಮೀಟುತ್ತಾರೆ. ವೇಗ ಕೈಯಲ್ಲಿ ಇದ್ದೇ ಇರುತ್ತದೆ. ಅದು ಮುಗ್ಗರಿಸುವುದು ಒಂದು ತಂತಿಯಿಂದ ಇನ್ನೊಂದಕ್ಕೆ ಹೋಗುವಾಗ. ಆ ಜಾಗದ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ.

ಪಿಕ್ಕನ್ನು ಒಮ್ಮೆ ಕೆಳಕ್ಕೆ, ಒಮ್ಮೆ ಮೇಲಕ್ಕೆ ತಪ್ಪದೆ ಮೀಟುವುದೇ ಆಲ್ಟರ್ನೇಟ್ ಪಿಕ್ಕಿಂಗ್. ಟಿಕ್ ಬೀಳುವ ಜಾಗದಲ್ಲಿ ಡೌನ್, ನಡುವಿನ ಜಾಗದಲ್ಲಿ ಅಪ್. ಇದು ನಮ್ಮ ಸಂಗೀತಕ್ಕೆ ಹೊಸದಲ್ಲ. ಸರೋದಿನಲ್ಲಿ ತೆಂಗಿನ ಚಿಪ್ಪಿನ ಜವಾ ಹಿಡಿದು ಕೆಳಕ್ಕೆ ಹೊಡೆದರೆ ದಾ, ಮೇಲಕ್ಕೆ ಹೊಡೆದರೆ ರಾ. ಮೈಸೂರಿನಲ್ಲಿ ನೆಲೆಸಿದ್ದ ಸರೋದ್ ವಾದಕ ಪಂಡಿತ್ ರಾಜೀವ ತಾರಾನಾಥರ ಕಛೇರಿಗಳಲ್ಲಿ ದ್ರುತ್ ಗತ್ (ವೇಗದ ಭಾಗ) ಮುಗಿಯುವ ಹೊತ್ತಿನ ಬಿರುಸಾದ ಝಾಲಾ ಕೇಳಿದವರಿಗೆ ಬಲಗೈಯ ಈ ಎರಡು ಹೊಡೆತಗಳ ತಾಕತ್ತು ಗೊತ್ತು. ಮ್ಯಾಂಡೊಲಿನ್ ಯು. ಶ್ರೀನಿವಾಸ್ ಕರ್ನಾಟಕ ಸಂಗೀತದ ಮೂರನೇ ಕಾಲವನ್ನು ಪಿಕ್ ಹಿಡಿದೇ ನುಡಿಸಿದರು. ಅವರ ಜತೆ ರಿಮೆಂಬರ್ ಶಕ್ತಿ ತಂಡದಲ್ಲಿ ಕೂತು ನುಡಿಸಿದ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಆಲ್ಟರ್ನೇಟ್ ಪಿಕ್ಕಿಂಗ್‌ನ ದೊಡ್ಡ ಹೆಸರುಗಳಲ್ಲಿ ಒಬ್ಬರು. ವೀಣೆ ಕಲಿತು ಗಿಟಾರಿಗೆ ಬರುವ ಮಕ್ಕಳಿಗೆ ಮಾತ್ರ ಇದು ಹೊಸ ಅಭ್ಯಾಸ, ಏಕೆಂದರೆ ವೀಣೆಯಲ್ಲಿ ತೋರುಬೆರಳು, ನಡುಬೆರಳು ಸರದಿಯಂತೆ ಮೀಟಿದರೂ ಎರಡೂ ಹೋಗುವುದು ಒಂದೇ ದಿಕ್ಕಿಗೆ. ಅವರಿಗೆ ಅಪ್ ಹೊಡೆತವನ್ನು ಮೊದಲಿನಿಂದ ಕೂಡಿಸಬೇಕಾಗುತ್ತದೆ.

ಈಗ 1-2-3-4 ಪಾಠದ ತೊಂದರೆಗೆ ಬರೋಣ. ಪ್ರತಿ ತಂತಿಯಲ್ಲಿ ನಾಲ್ಕು ಸ್ವರ, ಡೌನ್ ಅಪ್ ಡೌನ್ ಅಪ್. ನಾಲ್ಕು ಸಮಸಂಖ್ಯೆಯಾದ್ದರಿಂದ ಪ್ರತಿ ತಂತಿಯೂ ಅಪ್‌ನಲ್ಲಿ ಮುಗಿಯುತ್ತದೆ, ಮುಂದಿನ ತಂತಿ ಡೌನ್‌ನಲ್ಲಿ ಶುರುವಾಗುತ್ತದೆ. ಆರು ತಂತಿ ಏರಿ ಇಳಿದರೂ ಇದು ಬದಲಾಗದು. ಅಂದರೆ ವರ್ಷವಿಡೀ ಈ ಪಾಠ ತಿದ್ದಿದ ಮಗುವಿಗೆ ಡೌನ್ ಹೊಡೆತದ ನಂತರ ತಂತಿ ದಾಟುವ ಸಂದರ್ಭ ಒಮ್ಮೆಯೂ ಬಂದಿರುವುದಿಲ್ಲ. ಆಮೇಲೆ ಒಂದು ತಂತಿಗೆ ಮೂರು ಸ್ವರವಿರುವ ಸ್ಕೇಲ್ ಕೊಟ್ಟು ನೋಡಿ. ಜಿ ಮೇಜರ್, ನಮ್ಮ ಲೆಕ್ಕದಲ್ಲಿ ಶಂಕರಾಭರಣ: 6 ಮತ್ತು 5ನೇ ತಂತಿಗಳಲ್ಲಿ (6 ಎಂದರೆ ಎಲ್ಲಕ್ಕಿಂತ ದಪ್ಪನೆಯದು, 1 ಎಲ್ಲಕ್ಕಿಂತ ತೆಳು) 3-5-7ನೇ ಫ್ರೆಟ್ (ಕತ್ತಿನ ಮೇಲಿನ ಮನೆ), 4 ಮತ್ತು 3ರಲ್ಲಿ 4-5-7, 2 ಮತ್ತು 1ರಲ್ಲಿ 5-7-8. ಮೊದಲ ತಂತಿ ಡೌನ್ ಅಪ್ ಡೌನ್, ಮುಂದಿನದು ಅಪ್ ಡೌನ್ ಅಪ್. ನಿನ್ನೆಯವರೆಗೆ 100ರಲ್ಲಿ 1-2-3-4 ನುಡಿಸುತ್ತಿದ್ದ ಕೈ ಇಲ್ಲಿ 70ಕ್ಕೇ ತಡವರಿಸುತ್ತದೆ. ಇಲ್ಲವೆ ಹೊಸ ತಂತಿಗೆ ಹೋದಾಗಲೆಲ್ಲ ತನಗೆ ಗೊತ್ತಿಲ್ಲದೆ ಡೌನ್‌ನಿಂದಲೇ ಶುರುಮಾಡುತ್ತದೆ. ಮಗು ದಡ್ಡನಲ್ಲ, ಪಾಠದಲ್ಲಿ ಅರ್ಧ ಇರಲೇ ಇಲ್ಲ.

ಡೌನ್ ನಂತರ ದಾಟುವುದು ಅಷ್ಟೇಕೆ ಕಷ್ಟ? ಪಿಕ್ಕಿನ ತುದಿ ಹೋಗಿಬರುವ ದಾರಿ ತಂತಿಗಳ ಸಾಲಿಗೆ ಸರಿಯಾಗಿ ಸಮಾನಾಂತರವಾಗಿರುವುದಿಲ್ಲ, ಸ್ವಲ್ಪ ಓರೆಯಾಗಿರುತ್ತದೆ. ಕೆಲವರ ಕೈಯಲ್ಲಿ ಅಪ್ ಹೊಡೆತ ತಂತಿಗಳಿಂದ ಹೊರಕ್ಕೆ ಎದ್ದುಬರುತ್ತದೆ, ಡೌನ್ ಹೊಡೆತ ಒಳಕ್ಕೆ ಇಳಿದು ಎರಡು ತಂತಿಗಳ ನಡುವೆ ಕೂರುತ್ತದೆ. ಇಂಥವರು ಅಪ್ ನಂತರ ಸಲೀಸಾಗಿ ದಾಟುತ್ತಾರೆ, ಡೌನ್ ನಂತರ ಸಿಕ್ಕಿಬೀಳುತ್ತಾರೆ. ಇನ್ನು ಕೆಲವರದು ಇದಕ್ಕೆ ತದ್ವಿರುದ್ಧ. ಎರಡರಲ್ಲಿ ಯಾವುದೂ ತಪ್ಪಲ್ಲ. ತಮ್ಮ ಕೈ ಯಾವ ಜಾತಿಯದು ಎಂದು ತಿಳಿಯದಿರುವುದೇ ತಪ್ಪು.

ಅದನ್ನು ತಿಳಿಯಲು ಕಲಿಸುವವರೇ ಬೇಕೆಂದಿಲ್ಲ, ಮೊಬೈಲಿನ ಸ್ಲೋ ಮೋಷನ್ ಸಾಕು. ಸೆಕೆಂಡಿಗೆ 120 ಅಥವಾ 240 ಚಿತ್ರ ತೆಗೆಯುವ ಸೌಲಭ್ಯ ಈಗ ಸುಮಾರು ಫೋನುಗಳಲ್ಲಿದೆ. ಗಿಟಾರಿನ ಕತ್ತಿನ ಕಡೆಯಿಂದ, ತಂತಿಗಳ ನೇರಕ್ಕೆ ಬಲಗೈಯನ್ನು ನೋಡುವಂತೆ ಕ್ಯಾಮೆರಾ ಇಡಿ. ಎದುರಿನಿಂದ ತೆಗೆದರೆ ಈ ಓರೆ ಕಾಣುವುದಿಲ್ಲ. 3ನೇ ತಂತಿಯೊಂದನ್ನೇ ಸುಖವಾಗಿ ಎಷ್ಟು ಬೇಗ ಬರುತ್ತದೋ ಅಷ್ಟು ಬೇಗ ಐದು ಸೆಕೆಂಡು ಮೀಟಿ. ಆಮೇಲೆ ನೋಡಿ: ಪಿಕ್ಕಿನ ತುದಿ ತಂತಿಗಳ ಮಟ್ಟಕ್ಕಿಂತ ಮೇಲೆ ಬರುವುದು ಡೌನ್ ಮುಗಿದಾಗಲೋ ಅಪ್ ಮುಗಿದಾಗಲೋ? ನಿಧಾನವಾಗಿ ಮೀಟಿ ಚಿತ್ರ ತೆಗೆದರೆ ಉತ್ತರ ಸಿಗದು. 60ರಲ್ಲಿ ಎರಡು ಸ್ವರಗಳ ನಡುವೆ ಕಾಲು ಸೆಕೆಂಡು ಬಿಡುವಿರುತ್ತದೆ. ಅಷ್ಟರಲ್ಲಿ ಪಿಕ್ಕನ್ನು ಎತ್ತಿ, ಕುಪ್ಪಳಿಸಿ, ಹೇಗಾದರೂ ಮುಂದಿನ ತಂತಿಗೆ ತಂದಿಡಬಹುದು. 120ಕ್ಕೆ ಹೋದಾಗ ಆ ಬಿಡುವು ಅರ್ಧವಾಗುತ್ತದೆ, ಕುಪ್ಪಳಿಕೆಗೆ ಜಾಗವೇ ಇರುವುದಿಲ್ಲ. ದಿನಕ್ಕೆ 5 ಏರಿಸುವ ಕ್ರಮ ಮುರಿದುಬೀಳುವುದು ಇಲ್ಲಿ: ನಿಧಾನದಲ್ಲಿ ಗಟ್ಟಿಯಾದದ್ದು ವೇಗದಲ್ಲಿ ನಡೆಯದ ಚಲನೆ. ಯಾವುದೋ ಒಂದು ಅಂಕೆಯಲ್ಲಿ ಗೋಡೆ ಸಿಗುತ್ತದೆ, ವಾರಗಟ್ಟಲೆ ಗುದ್ದಿದರೂ ಕದಲುವುದಿಲ್ಲ.

ಹಾಗಾದರೆ ಏನು ಮಾಡಬೇಕು? ನಮ್ಮ ಮನೆಗಳಲ್ಲಿ ಸಂಗೀತ ಪಾಠ ಶುರುವಾಗುವ ಮಾಯಾಮಾಳವಗೌಳದ ಮೊದಲ ಸರಳೆ ವರಸೆಯನ್ನೇ ಎತ್ತಿಕೊಳ್ಳಿ ಎನ್ನುತ್ತೇವೆ ನಾವು. ಭಕ್ತಿಯಿಂದ ಹೇಳುತ್ತಿಲ್ಲ, ಲೆಕ್ಕದಿಂದ ಹೇಳುತ್ತಿದ್ದೇವೆ. 5ನೇ ತಂತಿಯ 3ನೇ ಫ್ರೆಟ್ಟನ್ನು ಷಡ್ಜ ಮಾಡಿಕೊಳ್ಳಿ. 5ನೇ ತಂತಿಯಲ್ಲಿ ಸ ರಿ ಗ, ಫ್ರೆಟ್ 3, 4, 7. 4ನೇ ತಂತಿಯಲ್ಲಿ ಮ ಪ ದ, ಫ್ರೆಟ್ 3, 5, 6. 3ನೇ ತಂತಿಯಲ್ಲಿ ನಿ ಮತ್ತು ತಾರ ಸ, ಫ್ರೆಟ್ 4, 5. ಅವರೋಹಣಕ್ಕೆ ಅದೇ ದಾರಿಯಲ್ಲಿ ವಾಪಸು, ತಾರ ಷಡ್ಜವನ್ನು ಮತ್ತೆ ಮೀಟಿ ಶುರು. ಸಣ್ಣ ಕೈಯವರಿಗೆ 3ರಿಂದ 7ಕ್ಕೆ ಬೆರಳು ಎಟುಕದಿದ್ದರೆ ಇಡೀ ವಿನ್ಯಾಸವನ್ನು ಐದು ಫ್ರೆಟ್ ಮುಂದಕ್ಕೆ ಒಯ್ಯಿರಿ (5ರಲ್ಲಿ 8, 9, 12, 4ರಲ್ಲಿ 8, 10, 11, 3ರಲ್ಲಿ 9, 10). ಶ್ರುತಿ ಬದಲಾಗುತ್ತದೆ, ರಾಗ ಬದಲಾಗದು, ಫ್ರೆಟ್‌ಗಳ ಅಂತರವೂ ಕಿರಿದಾಗುತ್ತದೆ.

ಈಗ ಹೊಡೆತ ಬರೆದುಕೊಳ್ಳಿ. ಸ ಡೌನ್, ರಿ ಅಪ್, ಗ ಡೌನ್. ತಂತಿ ದಾಟಿ ಮ ಅಪ್, ಪ ಡೌನ್, ದ ಅಪ್. ಮತ್ತೆ ದಾಟಿ ನಿ ಡೌನ್, ಸ ಅಪ್. ಇಳಿಯುವಾಗ ಸ ಡೌನ್, ನಿ ಅಪ್. ದಾಟಿ ದ ಡೌನ್, ಪ ಅಪ್, ಮ ಡೌನ್. ದಾಟಿ ಗ ಅಪ್, ರಿ ಡೌನ್, ಸ ಅಪ್. ಒಟ್ಟು ಹದಿನಾರು ಸ್ವರ, ನಾಲ್ಕು ದಾಟು. ಏರುವಾಗ ಮೊದಲನೆಯದು ಡೌನ್ ನಂತರ, ಎರಡನೆಯದು ಅಪ್ ನಂತರ. ಇಳಿಯುವಾಗ ಮೊದಲನೆಯದು ಅಪ್ ನಂತರ, ಕೊನೆಯದು ಡೌನ್ ನಂತರ. ಪಕ್ಕದ ತಂತಿಗೆ ದಾಟುವುದರಲ್ಲಿ ಇರುವುದೇ ಈ ನಾಲ್ಕು ಬಗೆ, ನಾಲ್ಕೂ ಒಂದೊಂದು ಸಲ ಬಂದುಹೋದವು. ಹದಿನಾರು ಸಮಸಂಖ್ಯೆ, ಹಾಗಾಗಿ ಮುಂದಿನ ಸುತ್ತು ಮತ್ತೆ ಡೌನ್‌ನಿಂದಲೇ ಶುರುವಾಗುತ್ತದೆ, ತಾಳದ ಎಡುಪೂ (ಶುರುವಾಗುವ ಜಾಗ) ಕೆಡುವುದಿಲ್ಲ. 1-2-3-4 ಪಾಠ ಆರು ತಂತಿ ಓಡಾಡಿಯೂ ಕೊಡದದ್ದನ್ನು ಇದು ಮೂರು ತಂತಿಯಲ್ಲಿ ಕೊಡುತ್ತದೆ.

ಎಲ್ಲಿ ಮುಗ್ಗರಿಸುತ್ತದೆ ಎಂಬುದರಿಂದಲೇ ಕೈಯ ಓರೆ ಗೊತ್ತಾಗುತ್ತದೆ. ಗ-ಮ ಮತ್ತು ಮ-ಗ ನಡುವೆ ಎಡವಿದರೆ ಡೌನ್ ನಂತರ ಹೊರಬರಲು ಆಗುತ್ತಿಲ್ಲ ಎಂದರ್ಥ. ದ-ನಿ, ನಿ-ದ ನಡುವೆ ಎಡವಿದರೆ ಅಪ್ ನಂತರ. ಸರಿಪಡಿಸಲು ಮೂರು ದಾರಿಗಳಿವೆ. ಒಂದು, ದಾಟುವ ಮುಂಚಿನ ಆ ಒಂದೇ ಹೊಡೆತದಲ್ಲಿ ಮಣಿಕಟ್ಟನ್ನು ತುಸು ಹೊರಳಿಸಿ ಪಿಕ್ಕನ್ನು ಹೊರಕ್ಕೆ ತರುವುದು. ಬಾಗಿಲ ಹಿಡಿ ತಿರುಗಿಸುವಾಗ ಮುಂಗೈ ಹೊರಳುತ್ತದಲ್ಲ, ಅದರ ಹತ್ತರಲ್ಲೊಂದು ಪಾಲು ಸಾಕು. ಎರಡು, ಎರಡೂ ತುದಿಗಳಲ್ಲಿ ಪಿಕ್ ಮೇಲೇಳುವಂತೆ ಹೊಡೆತವನ್ನೇ ಸಣ್ಣ ಕಮಾನಿನ ಆಕಾರಕ್ಕೆ ತರುವುದು. ಇದು ನಿಧಾನಕ್ಕೆ ಬರುತ್ತದೆ, ಬಂದಮೇಲೆ ಒಂದೊಂದೇ ಸ್ವರಕ್ಕೆ ತಂತಿ ಬದಲಾಗುವ ಕಡೆಯೂ ಕೈಬಿಡುವುದಿಲ್ಲ. ಮೂರು, ಕೈಗೆ ಒಗ್ಗುವ ಕಡೆಯೇ ದಾಟುವಂತೆ ಫ್ರೆಟ್ಟುಗಳನ್ನು ಹೊಂದಿಸಿಕೊಳ್ಳುವುದು, ಅಥವಾ ಒಂದು ಸ್ವರವನ್ನು ಮೀಟದೆ ಎಡಗೈ ಬೆರಳಿನಿಂದ ಬಡಿದು ನುಡಿಸುವುದು. ಮೂರನೆಯದು ಕಳ್ಳದಾರಿ ಎನ್ನುವವರಿದ್ದಾರೆ. ದೊಡ್ಡ ದೊಡ್ಡ ವಾದಕರು ಅದೇ ದಾರಿಯಲ್ಲಿ ನಡೆದಿದ್ದಾರೆ, ನಮಗಂತೂ ಅದರಲ್ಲಿ ಕಳ್ಳತನವೇನೂ ಕಾಣುವುದಿಲ್ಲ.

ದಾಟುವುದನ್ನು ಬಿಡಿಯಾಗಿ ತಿದ್ದಬೇಕೆಂದರೆ ಎಡಗೈಯಿಂದ ಏನನ್ನೂ ಒತ್ತದೆ 3 ಮತ್ತು 2ನೇ ತಂತಿಗಳನ್ನು ಮಾತ್ರ ಬಳಸಿ. 3ನೇ ತಂತಿ ಡೌನ್, 2ನೇ ತಂತಿ ಅಪ್, ಹೀಗೆ ಒಂದು ನಿಮಿಷ. ಆಮೇಲೆ 2ನೇ ತಂತಿ ಡೌನ್, 3ನೇ ತಂತಿ ಅಪ್, ಇನ್ನೊಂದು ನಿಮಿಷ. ಮೊದಲನೆಯದರಲ್ಲಿ ಪಿಕ್ ಎರಡು ತಂತಿಗಳ ಹೊರಗಿನಿಂದ ಸುತ್ತಿಬರುತ್ತದೆ, ಎರಡನೆಯದರಲ್ಲಿ ಅವುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಹೆಚ್ಚಿನವರಿಗೆ ಎರಡನೆಯದೇ ಕಷ್ಟ, ಆದ್ದರಿಂದ ಸಮಯವನ್ನೂ ಅದಕ್ಕೇ ಹೆಚ್ಚು ಕೊಡಿ.

ಮೆಟ್ರೊನೋಮನ್ನು ಬಿಸಾಡಿ ಎನ್ನುತ್ತಿಲ್ಲ. ನಮ್ಮಲ್ಲಿ ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹೇಳಿಸುವ ಪದ್ಧತಿಯಿದೆ, ಅದನ್ನೇ ಇಲ್ಲೂ ಬಳಸಿ. ಟಿಕ್ 60ರಲ್ಲಿ ಹಾಗೇ ಇರಲಿ. ಮೊದಲ ಕಾಲಕ್ಕೆ ಟಿಕ್‌ಗೆ ಒಂದು ಸ್ವರ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು. ತಾಳ ಕದಲದೆ ಕೈ ಮಾತ್ರ ಇಮ್ಮಡಿಯಾಗುತ್ತದೆ. 60ರಿಂದ 65ಕ್ಕೆ ಹೋಗುವಾಗ ಹಳೆಯ ಕುಪ್ಪಳಿಕೆಯೇ ಸದ್ದಿಲ್ಲದೆ ಜತೆಗೆ ಬರುತ್ತದೆ. ಕಾಲ ಇಮ್ಮಡಿಯಾದಾಗ ಅದಕ್ಕೆ ಉಳಿಗಾಲವಿಲ್ಲ, ಚಲನೆ ಎಲ್ಲಿ ಕೆಟ್ಟದ್ದೆಂದು ತಕ್ಷಣ ಕೇಳುತ್ತದೆ. ಕೆಟ್ಟ ಜಾಗವನ್ನು ಮಾತ್ರ ಎತ್ತಿಕೊಂಡು ಐದೇ ಸ್ವರದ ತುಣುಕು ಮಾಡಿ: ನಾಲ್ಕು ಸ್ವರ ಬೇಗ, ಐದನೆಯದು ಮುಂದಿನ ಟಿಕ್ ಮೇಲೆ ಬಂದು ನಿಲ್ಲಬೇಕು. ಎರಡು ಟಿಕ್ ಸುಮ್ಮನಿದ್ದು ಮತ್ತೆ. ಈ ಬಿಡುವು ಮುಖ್ಯ, ಅದಿಲ್ಲದಿದ್ದರೆ ಮುಂಗೈ ಬಿಗಿಯುತ್ತದೆ, ಬಿಗಿದ ಕೈ ಕಲಿಯುವುದು ಬಿಗಿತವನ್ನೇ. ಮೂರನೇ ಕಾಲವೂ ಸರಿಹೋದ ಮೇಲೆ ಟಿಕ್ಕನ್ನು 72ಕ್ಕೋ 80ಕ್ಕೋ ಒಯ್ಯಿರಿ.

ಜಂಟಿ ವರಸೆಯನ್ನಂತೂ ಪಿಕ್ ಹಿಡಿದವರಿಗೆಂದೇ ಬರೆದಂತಿದೆ. ಸಸ ರಿರಿ ಗಗ ಮಮ, ಪ್ರತಿ ಸ್ವರವೂ ಒಂದು ಡೌನ್, ಒಂದು ಅಪ್. ಹಾಡುವಾಗ ಜಂಟಿಯ ಎರಡನೇ ಸ್ವರಕ್ಕೆ ಒತ್ತು ಕೊಡುವುದು ಕ್ರಮ. ಗಿಟಾರಿನಲ್ಲಿ ಆ ಒತ್ತು ಬೀಳುವುದು ಅಪ್ ಹೊಡೆತದ ಮೇಲೆ. ಹೊಸಬರಲ್ಲಿ ಅಪ್ ಹೊಡೆತ ಯಾವಾಗಲೂ ಸೊರಗಿರುತ್ತದೆ, ಡೌನ್ ಜೋರು, ಅಪ್ ಪಿಸುಮಾತು. ಒತ್ತನ್ನು ಬಿಡದೆ ಜಂಟಿ ನುಡಿಸಿದರೆ ಆ ಏರುಪೇರು ವಾರಗಳಲ್ಲಿ ಕಡಿಮೆಯಾಗುತ್ತದೆ. ಪರೀಕ್ಷಿಸಬೇಕೆಂದರೆ ಫೋನಿನಲ್ಲಿ ಧ್ವನಿ ಮುದ್ರಿಸಿ, ನೋಡದೆ ಕೇಳಿ. ಯಾವುದು ಡೌನ್ ಯಾವುದು ಅಪ್ ಎಂದು ಗೊತ್ತಾಗಬಾರದು.

ಗತಿಭೇದಕ್ಕೂ ಇದೇ ಮಾತು. ತಕಧಿಮಿ ಎಂದು ನಾಲ್ಕು ಹಾಕಿದರೆ ಒತ್ತು ಪ್ರತಿಸಲವೂ ಡೌನ್ ಮೇಲೆ. ತಕಿಟ ಎಂದು ಮೂರು ಹಾಕಿದರೆ ಒಂದು ತಕಿಟ ಡೌನ್‌ನಿಂದ, ಮುಂದಿನದು ಅಪ್‌ನಿಂದ. ಖಂಡದ ತಕತಕಿಟ, ಮಿಶ್ರದ ತಕಿಟತಕಧಿಮಿಯಲ್ಲೂ ಹಾಗೆಯೇ. ಇಲ್ಲಿ ಮಕ್ಕಳು ಒತ್ತು ಡೌನ್ ಮೇಲೆಯೇ ಬೀಳಲೆಂದು ಎರಡು ಡೌನ್ ಒಟ್ಟಿಗೆ ಹಾಕಿಬಿಡುತ್ತಾರೆ. ಬಾಯಲ್ಲಿ ಈ ಸೊಲ್ಲುಗಳನ್ನು (ಕೊನ್ನಕೋಲು) ಹೇಳಿಸುತ್ತ ಒಂದೇ ತಂತಿಯ ಮೇಲೆ ನುಡಿಸಿದರೆ ಈ ಕಳ್ಳಾಟ ನಿಲ್ಲುತ್ತದೆ. ದಿನಕ್ಕೆ ಐದು ನಿಮಿಷ ಸಾಕು.

ಇಷ್ಟೆಲ್ಲ ಹೇಳಿ ಪಿಕ್ ಬಗ್ಗೆ ಹೇಳದಿದ್ದರೆ ಆಗದು. ಗಿಟಾರ್ ಜತೆ ಪುಕ್ಕಟೆ ಸಿಗುವ ಪಿಕ್ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸಿನ ತೆಳುವಾದದ್ದು. ಕಾರ್ಡ್ (ಹಲವು ತಂತಿಗಳನ್ನು ಒಟ್ಟಿಗೆ) ಬಾರಿಸಲು ಹಿತ. ಒಂದೊಂದೇ ಸ್ವರ ಮೀಟುವಾಗ ಅದು ಮೊದಲು ಬಾಗಿ ಆಮೇಲೆ ತಂತಿ ಬಿಡುತ್ತದೆ, ಸ್ವರಕ್ಕೆ ಮುಂಚೆ ಚಟ್ ಎಂಬ ಸದ್ದು ಬರುತ್ತದೆ. 0.88ರಿಂದ 1 ಮಿಲಿಮೀಟರಿನದು ತೆಗೆದುಕೊಳ್ಳಿ, ದೊಡ್ಡ ಖರ್ಚೇನಲ್ಲ. ಮಡಿಸಿದ ತೋರುಬೆರಳಿನ ಪಕ್ಕದ ಮೇಲೆ ಪಿಕ್ ಇಟ್ಟು ಹೆಬ್ಬೆರಳಿನಿಂದ ಮುಚ್ಚಿ, ತುದಿ 4-5 ಮಿಲಿಮೀಟರ್ ಮಾತ್ರ ಹೊರಗಿರಲಿ. ತಂತಿಯೊಳಗೆ ಇಳಿಯುವುದು 2 ಮಿಲಿಮೀಟರಿಗಿಂತ ಹೆಚ್ಚಾಗದಿರಲಿ. ಚಪ್ಪಟೆಯಾಗಿ ಹೊಡೆಯದೆ ಅಂಚನ್ನು ತುಸು ಓರೆ ಮಾಡಿದರೆ ತಂತಿಯಿಂದ ಜಾರಿಬರುತ್ತದೆ. ತೀರಾ ಓರೆ ಮಾಡಿದರೆ ಸುರುಳಿ ಸುತ್ತಿದ ದಪ್ಪ ತಂತಿಗಳ ಮೇಲೆ ಕರ್ ಎಂದು ಕೆರೆಯುತ್ತದೆ. ಅಂಗೈಯ ಅಂಚು ಬ್ರಿಡ್ಜ್ ಹತ್ತಿರ ಹಗುರವಾಗಿ ತಾಗಿರಲಿ, ಚಲನೆ ಮಣಿಕಟ್ಟಿನಿಂದ ಬರಲಿ. ನುಡಿಸುತ್ತ ನುಡಿಸುತ್ತ ಪಿಕ್ ಬೆರಳಲ್ಲಿ ತಿರುಗಿಹೋಗುತ್ತಿದ್ದರೆ ಬಿಗಿಯಾಗಿ ಹಿಡಿಯಬೇಡಿ, ತಂತಿಯೊಳಗೆ ಕಡಿಮೆ ಇಳಿಸಿ. ಹೆಚ್ಚಿನ ಸಲ ಕಾರಣ ಅದೇ. ಕರಾವಳಿಯ ಸೆಕೆಯಲ್ಲಿ ಬೆವರಿಗೆ ಜಾರುವುದು ಬೇರೆ ಮಾತು, ಅದಕ್ಕೆ ತರಿತರಿ ಮೈಯ ಪಿಕ್ ಸಿಗುತ್ತದೆ.

ಹೆಬ್ಬೆರಳಿನ ಬುಡದಲ್ಲಿ ನೋವು, ಬೆರಳಿಗೆ ಜೋಮು, ಮೊಣಕೈ ಹೊರಭಾಗದಲ್ಲಿ ಉರಿ ಕಂಡರೆ ಆ ದಿನದ ಅಭ್ಯಾಸ ನಿಲ್ಲಿಸಿ. ಮತ್ತೆ ಮತ್ತೆ ಬಂದರೆ ವೈದ್ಯರಿಗೆ ತೋರಿಸಿ. ನೋವು ಸಹಿಸಿದರೆ ಸಾಧನೆ ಎಂಬ ಮಾತು ಲೇಖನದ ಕೊನೆಯಲ್ಲಿದೆ. ಅದನ್ನು ಪುರವಣಿಯವರು ತಿದ್ದಿ ಪ್ರಕಟಿಸಿದರೆ ಒಳ್ಳೆಯದು. ಎಡಗೈ ಬೆರಳ ತುದಿ ಉರಿಯುವುದು ಸಹಜ, ಚರ್ಮ ಗಟ್ಟಿಯಾದ ಮೇಲೆ ಹೋಗುತ್ತದೆ. ಮಣಿಕಟ್ಟಿನ ನೋವಿಗೆ ಆ ನ್ಯಾಯ ಅನ್ವಯಿಸದು.

ಆಲ್ಟರ್ನೇಟ್ ಪಿಕ್ಕಿಂಗ್ ಒಂದೇ ಸರಿಯಾದ ಕ್ರಮ ಎಂಬ ಹಟ ನಮಗಿಲ್ಲ. ಜಿಪ್ಸಿ ಜಾಝ್ ಶೈಲಿಯವರು ಹೊಸ ತಂತಿಗೆ ಹೋದಾಗಲೆಲ್ಲ ಡೌನ್‌ನಿಂದಲೇ ಶುರುಮಾಡುತ್ತಾರೆ, ಎಕಾನಮಿ ಪಿಕ್ಕಿಂಗ್‌ನವರು ಹೋಗುತ್ತಿರುವ ದಿಕ್ಕಿನಲ್ಲೇ ಮುಂದಿನ ತಂತಿಯನ್ನೂ ಮೀಟಿಬಿಡುತ್ತಾರೆ. ಕಲಿಯುವವರು ತಾವು ಯಾವುದನ್ನು ಮಾಡುತ್ತಿದ್ದೇವೆಂದು ತಿಳಿದು ಮಾಡಲಿ ಎಂಬುದಷ್ಟೇ ನಮ್ಮ ಮಾತು.

ಕೊನೆಯದಾಗಿ ಒಂದು ಕೋರಿಕೆ. ಮುಂದಿನ ಕಂತುಗಳಲ್ಲಿ ಪಾಠದ ನಕ್ಷೆ ಹಾಕುವಾಗ ಪ್ರತಿ ಸ್ವರದ ಕೆಳಗೂ ಹೊಡೆತದ ಗುರುತು ಇರಲಿ. ಪುಸ್ತಕಗಳಲ್ಲಿ ಡೌನ್‌ಗೆ ಕೆಳಬದಿ ತೆರೆದ ಚೌಕ, ಅಪ್‌ಗೆ ಇಂಗ್ಲಿಷಿನ ವಿ ಅಕ್ಷರ ಹಾಕುತ್ತಾರೆ. ವಿ ಅಕ್ಷರದ ಮೊನೆ ಕೆಳಕ್ಕಿರುವುದರಿಂದ ಮಕ್ಕಳು ಅದನ್ನೇ ಡೌನ್ ಎಂದು ಓದಿ ಇಡೀ ಪಾಠವನ್ನು ತಿರುಗಾಮುರುಗಾ ಕಲಿತುಬಿಡುತ್ತಾರೆ. ಅದರ ಬದಲು ಡೌನ್‌ಗೆ ‘ಡೌ’, ಅಪ್‌ಗೆ ‘ಅ’ ಎಂದು ಅಚ್ಚು ಹಾಕಿ. ಜಾಗ ಸಾಲದೆ ಈ ಪತ್ರವನ್ನು ಕತ್ತರಿಸುವುದಾದರೆ ಪಿಕ್ಕಿನ ಭಾಗ ಹೋಗಲಿ, ಸರಳೆ ವರಸೆಯ ಫ್ರೆಟ್ ಮತ್ತು ಹೊಡೆತಗಳ ಎರಡು ಪ್ಯಾರಾ ಮಾತ್ರ ಉಳಿಸಿಕೊಡಿ.

ಇಂತಿ,
ಗಿಟಾರ್ ಕಲಿಸುವ ಕೆಲವರು,
ಮೈಸೂರು